ಸ್ಪಷ್ಟನೆ: ಎಲ್ಲ ಡಿಜೆ ಕಂಟ್ರೋಲರ್‌ಗಳಲ್ಲೂ ಹೆಡ್‌ಫೋನ್‌ನಲ್ಲಿ ಕ್ಯೂ (ಮುಂದಿನ ಹಾಡನ್ನು ಡಿಜೆ ಮಾತ್ರ ಮೊದಲೇ ಕೇಳುವುದು) ಕೇಳಿಸುತ್ತದೆ ಎಂದೇನಿಲ್ಲ

'ಯುಎಸ್‌ಬಿ ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪ್‌ನ ಡಿಜೆ ಸಾಫ್ಟ್‌ವೇರ್ ನಡೆಸುವ ಸಾಧನ) ಯಾವುದಿದ್ದರೂ ಸೌಂಡ್ ಕಾರ್ಡ್ (ಸದ್ದು ಹೊರಕ್ಕೆ ಕಳಿಸುವ ಭಾಗ) ಅದರೊಳಗೇ ಇರುತ್ತದೆ, ಸೆರಾಟೊ ಪ್ರೊ ಎಂಬ ಡಿಜೆ ಸಾಫ್ಟ್‌ವೇರ್ ಉಚಿತ' ಎಂಬ ಮಾತು ಹರಿದಾಡುತ್ತಿದೆ. ಎರಡೂ ತಪ್ಪು.

ಪಯೋನಿಯರ್ ಡಿಡಿಜೆ-200ರಲ್ಲಿ ಸೌಂಡ್ ಕಾರ್ಡ್ ಇಲ್ಲ. ಲ್ಯಾಪ್‌ಟಾಪ್‌ನ ಒಂದೇ ಸ್ಟೀರಿಯೊ ಜ್ಯಾಕ್‌ನಿಂದ ಸ್ಪೀಕರಿಗೂ ಹೆಡ್‌ಫೋನಿಗೂ ಬೇರೆ ಬೇರೆ ಸ್ಟೀರಿಯೊ ಹಾಡು ಹೋಗದು. ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡ್ ಸೇರಿಸಬೇಕು. ಆಗಲೂ ಎರಡು ಕಾರ್ಡ್‌ಗಳ ಗಡಿಯಾರ ಹೊಂದದೆ ಚಟಪಟ ಸದ್ದು ಬರಬಹುದು. ಡಿಡಿಜೆ-ಎಫ್‌ಎಲ್‌ಎಕ್ಸ್4, ಹರ್ಕ್ಯುಲಿಸ್ ಇನ್‌ಪಲ್ಸ್ 200ರಲ್ಲಿ ಈ ತಲೆನೋವಿಲ್ಲ, ಕಾರ್ಡ್ ಒಳಗೇ ಇದೆ.

ಎಫ್‌ಎಲ್‌ಎಕ್ಸ್4 ಜೊತೆ ಉಚಿತವಾಗಿ ಸಿಗುವುದು ಸೆರಾಟೊ ಲೈಟ್. ಪ್ರೊಗೆ ದುಡ್ಡು ಕೊಡಬೇಕು. ಕಾಸು ಉಳಿಸುವವರಿಗೆ ಮಿಕ್ಸ್ ಎಂಬ ಡಿಜೆ ಸಾಫ್ಟ್‌ವೇರ್ ಸಾಕು (ಇಂಗ್ಲಿಷಿನಲ್ಲಿ ಕೊನೆಗೆ ಮೂರು ಎಕ್ಸ್): ಪೂರ್ತಿ ಉಚಿತ, ಲಿನಕ್ಸ್‌ನಲ್ಲೂ ಓಡುತ್ತದೆ. ಕಾರ್ಡ್ ಒಳಗಿರುವ ಕಂಟ್ರೋಲರ್ ಆದರೆ ಅದರ ಸೌಂಡ್ ಹಾರ್ಡ್‌ವೇರ್ ಪುಟದಲ್ಲಿ ಮೇನ್‌ಗೆ (ಸ್ಪೀಕರಿಗೆ) ಚಾನೆಲ್ 1-2, ಹೆಡ್‌ಫೋನ್‌ಗೆ 3-4 ಕೊಡಿ. ಸದ್ದು ತುಂಡಾದರೆ ಬಫರ್ (ಸದ್ದನ್ನು ಮೊದಲೇ ಕೂಡಿಡುವ ಪ್ರಮಾಣ) ಹೆಚ್ಚಿಸಿ.