ಆಯೇರಿ ಲೆಕ್ಕದ ಡಿಸ್ಕು

ನೆಂಟರ ಮನೆಯಿಂದ ಲಗ್ನಪತ್ರಿಕೆ ಬಂತು. ಅರಿಶಿನ ಹಚ್ಚಿದ ಮೂಲೆಯನ್ನು ಸವರುತ್ತ ಅವ್ವ ಕೇಳಿದಳು: "ನಿನ್ನ ತಂಗಿ ಲಗ್ನದಾಗ ಇವರು ಎಷ್ಟು ಆಯೇರಿ ಮಾಡಿದ್ರು, ನೋಡಪ್ಪ."

ನೋಡುವುದು ಎಲ್ಲಿ? ತಂಗಿಯ ಮದುವೆ ಆಗಿದ್ದು 2006ರಲ್ಲಿ. ಆಗಷ್ಟೇ ಮನೆಗೆ ಕಂಪ್ಯೂಟರ್ ಬಂದಿತ್ತು. ಆ ಹುರುಪಿನಲ್ಲಿ ಯಾರು ಏನು ಉಡುಗೊರೆ ಕೊಟ್ಟರು ಅನ್ನುವ ಆಯೇರಿ ಲೆಕ್ಕವನ್ನೆಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಬರೆದಿಟ್ಟಿದ್ದ ವಹಿಯನ್ನು ರದ್ದಿಗೆ ಹಾಕಿಬಿಟ್ಟಿದ್ದೆ. ಅವ್ವ ಇವತ್ತಿಗೂ ಆ ವಹಿಯನ್ನು ಮರೆತಿಲ್ಲ.

ಕಂಪ್ಯೂಟರ್ ಅಟ್ಟದ ಮೇಲೆ ತೊಗರಿ ಡಬ್ಬಿಯ ಮಗ್ಗುಲಲ್ಲಿತ್ತು. ಕಲಬುರಗಿಯ ಧೂಳು ಎಂಥದ್ದು ಅಂತ ತಿಳಿಯಬೇಕಾದರೆ ಹತ್ತು ವರ್ಷ ಮುಟ್ಟದ ಸಿಪಿಯು ಬಿಚ್ಚಬೇಕು. ಒಳಗಿನ ಹಾರ್ಡ್ ಡಿಸ್ಕಿನ ಮೇಲೆ 40 ಜಿಬಿ ಅಂತ ಬರೆದಿತ್ತು. ಹಿಂದೆ 40 ಪಿನ್ನಿನ ಅಗಲವಾದ ಸಾಕೆಟ್. ಈಗಿನ ಲ್ಯಾಪ್‌ಟಾಪಿಗೆ ಅದನ್ನು ನೇರವಾಗಿ ಸಿಕ್ಕಿಸಲು ಆಗುವುದಿಲ್ಲ, ಯುಎಸ್‌ಬಿ ಅಡಾಪ್ಟರ್ ಬೇಕು. ಸೂಪರ್ ಮಾರ್ಕೆಟ್ ಹತ್ತಿರದ ಒಂದು ಅಂಗಡಿಗೆ ಒಯ್ದೆ. ಊರಿನ ಹೆಸರು ಬದಲಾಗಿದ್ದು 2014ರಲ್ಲಿ, ಆ ಅಂಗಡಿಯ ಬೋರ್ಡಿನ ಮೇಲೆ ಇನ್ನೂ ಗುಲಬರ್ಗಾ. ಹಳೆ ಸಾಮಾನು ಇಲ್ಲಿ ಸಿಗ್ತದೆ ಅನ್ನುವ ಧೈರ್ಯ ಬಂತು.

ಡಿಸ್ಕ್ ಹಚ್ಚಿದ ಕೂಡಲೇ ಪರದೆ ಮೇಲೆ ಒಂದು ಪ್ರಶ್ನೆ: ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಮನೆಯ ಬಾಗಿಲು ತೆರೆಯದಿದ್ದರೆ ಮನೆಯನ್ನೇ ಕೆಡವಲೇ ಅಂತ ಕೇಳಿದ ಹಾಗೆ. ಅಂಗಡಿ ಹುಡುಗನೂ ಅದನ್ನೇ ಕೇಳಿದ. "ಹೊಡಿಲೇನ್ರಿ ಸರ್?"

"ಬ್ಯಾಡಪ್ಪಾ!" ಅಂದೆ. ಪಕ್ಕದ ಚಹಾದವನೂ ತಿರುಗಿ ನೋಡಿದ.

ಹುಡುಗ ಜಾಣ. ಡಿಸ್ಕಿಗೆ ಕಿವಿ ಕೊಟ್ಟು ಕೇಳಿದ. ಟಿಕ್ ಟಿಕ್ ಅಂತ ಬಡಿಯುತ್ತಿದ್ದರೆ ಒಳಗೆ ಓದುವ ಮುಳ್ಳು, ಅಂದರೆ ಹೆಡ್, ಹೋಗಿರುವ ಸಂಭವ ಹೆಚ್ಚು, ಕೂಡಲೇ ಕರೆಂಟ್ ತೆಗೆಯಬೇಕಂತೆ. ನಮ್ಮದು ಸುಮ್ನೆ ಗುಂಯ್ ಅನ್ನುತ್ತಿತ್ತು. "ತಿರುಗಲಿಕ್ಕತ್ತದ್ರಿ. ಮೊದಲ ಪೂರಾ ಕಾಪಿ ತೆಗೀರಿ, ಏನೇ ಮಾಡಿದ್ರೂ ಕಾಪಿ ಮ್ಯಾಲೆ ಮಾಡ್ರಿ" ಅಂದು ಅಡಾಪ್ಟರ್ ಕೊಟ್ಟು ಕಳಿಸಿದ.

ಓದಲು ಬಾರದ ಡಿಸ್ಕ್ ಅಂದರೆ ಖಾಲಿ ಡಿಸ್ಕ್ ಅಲ್ಲ. ನಮ್ಮ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿ ನೆನಪು ಮಾಡಿಕೊಳ್ಳಿ. ಗೋದಾಮಿನಲ್ಲಿ ಚೀಲಗಳು ಇದ್ದಲ್ಲೇ ಇವೆ, ಯಾರದು ಎಲ್ಲಿದೆ ಅಂತ ಬರೆದ ಖಾತೆ ಪುಸ್ತಕ ಮಾತ್ರ ಹಾಳಾಗಿದೆ. ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಖಾಲಿ ಪುಸ್ತಕ ತಂದಿಡ್ತಾರೆ, ಚೀಲ ಮುಟ್ಟುವುದಿಲ್ಲ. ಫುಲ್ ಫಾರ್ಮ್ಯಾಟ್ ಹಾಗಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು ಡಿಸ್ಕಿನಲ್ಲಿ ಕೆಟ್ಟ ಜಾಗ (ಸೆಕ್ಟರ್) ಹುಡುಕಿ ಸುಮ್ಮನಾಗುತ್ತಿತ್ತು. ವಿಸ್ಟಾದಿಂದ ಈಚೆಗೆ ಎಲ್ಲ ಕಡೆ ಸೊನ್ನೆ ಬರೆಯುತ್ತದೆ, ಗೋದಾಮು ಗುಡಿಸಿ ತೊಳೆದ ಹಾಗೆ.

ಕಾಪಿ ತೆಗೆಯಲು ಒಂದು ಹಗಲು ಹಿಡಿಯಿತು. ಮೇ ತಿಂಗಳ ಬಿಸಿಲು. ಮನೆಯ ಕೂಲರನ್ನು ಡಿಸ್ಕಿನ ಕಡೆ ತಿರುಗಿಸಿದೆ. "ನಮಗಿಲ್ಲದ ಗಾಳಿ ಅದಕ್ಕ" ಅಂತ ಹೆಂಡತಿ ಅಂದಳು. ತಪ್ಪೇನಿಲ್ಲ.

ಆಮೇಲೆ ಫೋಟೋರೆಕ್ ಅನ್ನುವ ಬಿಟ್ಟಿ ತಂತ್ರಾಂಶ ಹಾಕಿದೆ. ಹೆಸರಿನಲ್ಲಿ ಫೋಟೋ ಇದ್ದರೂ ಅದು ಡಾಕ್ಯುಮೆಂಟನ್ನೂ ಹುಡುಕುತ್ತದೆ. ಖಾತೆ ಪುಸ್ತಕ ಬಿಟ್ಟು ಒಂದೊಂದೇ ಚೀಲದ ಬಾಯಿ ಬಿಚ್ಚಿ, ಕಾಳು ನೋಡಿ, ಇದು ತೊಗರಿ, ಇದು ಕಡಲೆ ಅನ್ನುವುದು ಅದರ ಕೆಲಸ. ಬಗೆಬಗೆಯ ಫೈಲುಗಳ ಶುರುವಿನಲ್ಲಿ ತಮ್ಮದೇ ಗುರುತು ಇರ್ತದಲ್ವಾ, ಅದೇ ಕಾಳು. ಆದರೆ ಚೀಲದ ಮೇಲಿನ ಹೆಸರು ಸಿಗುವುದಿಲ್ಲ. ಬಂದ ಫೈಲಿಗೆಲ್ಲ ಎಫ್ ಅಕ್ಷರ, ಮುಂದೆ ಉದ್ದದ ನಂಬರು.

ಸಾವಿರಗಟ್ಟಲೆ ಬಂದವು. ಮುಕ್ಕಾಲು ಪಾಲು ಯಾವುದೋ ವೆಬ್‌ಸೈಟಿನ ಗುಂಡಿ, ಬಾಣ, ಜಾಹೀರಾತು. ಅವೆಲ್ಲ ಗಟ್ಟಿಮುಟ್ಟಾಗಿದ್ದವು ನೋಡಿ! ತಂಗಿಯ ಅಕ್ಷತೆ ಫೋಟೋ ಮಾತ್ರ ಅರ್ಧ. ಬಾಸಿಂಗದ ಕೆಳಗೆ ಅವಳ ಹಣೆ ಕಾಣುತ್ತದೆ, ಅದರ ಕೆಳಗೆ ಬರೀ ಬೂದು ಬಣ್ಣ. ಫೈಲು ಎರಡು ಕಡೆ ಹಂಚಿ ಕೂತಿದ್ದರೆ ಹೀಗಾಗ್ತದೆ. ತಂಗಿಗೆ ಕಳಿಸಿದೆ. "ಅಂದಿನ ಮುಖ ಇಂದು ಕಾಣದಿದ್ದರೇ ಚೊಲೊ" ಅಂತ ಉತ್ತರ ಬಂತು.

ಡಾಕ್ಯುಮೆಂಟ್ ಬರೀ 62 ಇದ್ದವು. ತೆರೆದರೆ ಕನ್ನಡವಿಲ್ಲ, ತಲೆ ಮೇಲೆ ಚುಕ್ಕಿ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಆಗಿನ ನುಡಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂಡಿಸುತ್ತಿತ್ತು. ಆ ಫಾಂಟ್ ಇಲ್ಲದಿದ್ದರೆ ವೇಷ ಕಳಚಿ ಬೀಳ್ತದೆ. ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿ ಒಂದೊಂದೇ ನೋಡುತ್ತ ಹೋದೆ. ನಲವತ್ತೊಂದನೆಯದರಲ್ಲಿ ಸಿಕ್ಕಿತು: ಸ್ಟೀಲ್ ಕೊಡ ಒಂದು, ಪಾತಳ ಸೀರೆ ಎರಡು, ಗೋಡೆ ಗಡಿಯಾರ ಆರು.

"ಅವ್ವಾ, ಸಿಕ್ತು! ನೂರಾ ಐವತ್ತೊಂದು ರೂಪಾಯಿ, ಒಂದು ಕುಬಸ."

ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ಸುಳ್ಳು. ಐದುನೂರಾ ಒಂದು ಕೊಟ್ಟಾರ. ನಾ ಕೈಯಾಗ ಹಿಡದೀನಿ. ನೀ ಬರೆಯೋವಾಗ ತಪ್ಪಿರಬೇಕು."

ಸಂಜೆ ಅವಳೇ ಕಿರಾಣಿ ಅಂಗಡಿಯಿಂದ ಇನ್ನೂರು ಪುಟದ ವಹಿ ತರಿಸಿದಳು. ಮೊದಲ ಪುಟಕ್ಕೆ ಕುಂಕುಮ ಹಚ್ಚಿ ಪೆನ್ನು ಕೈಗೆ ಕೊಟ್ಟಳು.

"ಹೂಂ, ಬರಿ. ಐದುನೂರಾ ಒಂದು."

ಬರೆದೆ.