ಫಿಲೋಮಿನಾ ಚರ್ಚಿನ ಮೂರು ಹೆಂಚುಗಳು

ಜರ್ಮನಿಯ ಕಲೋನ್ ನಗರದ ಮಹಾ ಚರ್ಚನ್ನು ಮೊದಲ ಸಲ ಕಂಡ ಮೈಸೂರಿನವರು "ಇದು ನಮ್ಮ ಫಿಲೋಮಿನಾ ಚರ್ಚಿನ ಹಾಗೇ ಇದೆಯಲ್ಲ!" ಎನ್ನುತ್ತಾರೆ. ಅಸಲಿ ಸಂಗತಿ ತಿರುವುಮುರುವು: 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ನಮ್ಮ ಚರ್ಚು ಎದ್ದದ್ದು ಕಲೋನಿನ ಮಾದರಿಯಲ್ಲಿ. ಗೋಪುರಗಳೇನೋ ಹೋಲುತ್ತವೆ, ಭಕ್ತಿಯ ರೀತಿ ಹೋಲುವುದಿಲ್ಲ.

ಕಲೋನಿನಲ್ಲಿ ನಂಬಿಕೆಗೂ ಕಾಗದಪತ್ರವಿದೆ. ಚರ್ಚಿನ ಸದಸ್ಯರು ಆದಾಯ ತೆರಿಗೆಯ ಶೇ. 9ರಷ್ಟನ್ನು ಚರ್ಚ್ ತೆರಿಗೆಯಾಗಿ ಕೊಡಬೇಕು. ಬೇಡವೆಂದರೆ ಸ್ಥಳೀಯ ನ್ಯಾಯಾಲಯದಲ್ಲಿ 30 ಯೂರೋ ಕಟ್ಟಿ, ಸಹಿ ಹಾಕಿ ಹೊರಬರಬೇಕು. ನನ್ನ ಸಹೋದ್ಯೋಗಿಯೊಬ್ಬ ಹಾಗೆ ಬಂದು, "ಬುದ್ಧಿ ಒಪ್ಪಲಿಲ್ಲ" ಎಂದ. ತೆರಿಗೆ ಉಳಿದದ್ದನ್ನೂ ಬುದ್ಧಿಯ ಲೆಕ್ಕಕ್ಕೇ ಬರೆದುಕೊಂಡನೆಂದು ನನ್ನ ಗುಮಾನಿ.

ಮೈಸೂರಿನಲ್ಲಿ ಈ ತಾಪತ್ರಯವಿಲ್ಲ. ನಮ್ಮತ್ತೆ ಕ್ರೈಸ್ತರಲ್ಲ. ಆದರೂ ಅಶೋಕ ರಸ್ತೆಗೆ ಹೋದಾಗ ಚರ್ಚಿನ ನೆಲಮಾಳಿಗೆಗಿಳಿದು, ಅಲ್ಲಿ ಮಲಗಿರುವ ಸಂತ ಫಿಲೋಮಿನಾಳ ಮೂರ್ತಿಗೆ ಕೈಮುಗಿದು, ಮೇಣದಬತ್ತಿ ಹಚ್ಚಿ, ಚಾಮುಂಡಿ ಬೆಟ್ಟದ ಬಸ್ಸು ಹಿಡಿಯುತ್ತಾರೆ. ಈ ಸೌಹಾರ್ದವನ್ನು ನಾವು ಕೊಂಡಾಡುತ್ತೇವೆ, ಸರಿಯೇ. ಆದರೆ ಇದರಲ್ಲಿ ಒಂದಿಷ್ಟು ಸೋಮಾರಿತನವೂ ಇದೆ. ಈಕೆ ನಿಜಕ್ಕೂ ಇದ್ದಳೇ ಎಂದು ನಾವು ಯಾರೂ ಕೇಳಲಿಲ್ಲ.

ಕೇಳಿದ್ದು ಸ್ವತಃ ಕ್ಯಾಥೊಲಿಕ್ ಚರ್ಚು. 1802ರಲ್ಲಿ ರೋಮಿನ ನೆಲದಡಿಯ ಸ್ಮಶಾನದಲ್ಲಿ ಒಂದು ಗೋರಿ ಸಿಕ್ಕಿತು. ಅದನ್ನು ಮುಚ್ಚಿದ್ದ ಮೂರು ಸುಟ್ಟ ಮಣ್ಣಿನ ಹೆಂಚುಗಳ ಅಕ್ಷರಗಳನ್ನು ಇದ್ದ ಸಾಲಿನಲ್ಲೇ ಓದಿದರೆ ಅರ್ಥವಾಗದು. ಮೊದಲ ಹೆಂಚನ್ನು ಕೊನೆಗಿಟ್ಟರೆ "ಫಿಲೂಮೇನಾ, ನಿನಗೆ ಶಾಂತಿ" ಎಂದಾಗುತ್ತದೆ. ಒಳಗೆ ಎಲುಬುಗಳಿದ್ದವು. ಬದುಕಿನ ಕತೆ ಬಂದದ್ದು ಆಮೇಲೆ, ನೇಪಲ್ಸಿನ ಸನ್ಯಾಸಿನಿಯೊಬ್ಬರಿಗಾದ ದರ್ಶನದಿಂದ. ಹೆಂಚುಗಳು ಬೇರೆ ಗೋರಿಯಿಂದ ತಂದವಿರಬಹುದು ಎಂದು ಪುರಾತತ್ವಜ್ಞರು ತಕರಾರು ತೆಗೆದರು. 1961ರಲ್ಲಿ ವ್ಯಾಟಿಕನ್ ಆಕೆಯ ಹಬ್ಬವನ್ನು ಆರಾಧನಾ ಪಂಚಾಂಗದಿಂದ ತೆಗೆದುಹಾಕಿತು.

ವಿಚಾರವಂತನಾಗಲು ಚರ್ಚು ಬಿಡಲೇಬೇಕೆಂಬ ನನ್ನ ಸಹೋದ್ಯೋಗಿಯ ಮಾತು ಇಲ್ಲಿ ನಿಲ್ಲುವುದಿಲ್ಲ. ಅವನೂರಿನ ಮಹಾ ಚರ್ಚಿಗೆ ಅಡಿಪಾಯ ಬಿದ್ದ 1248ರಲ್ಲೇ ಆಲ್ಬರ್ಟ್ ಎಂಬ ಸನ್ಯಾಸಿ ಅಲ್ಲಿಗೆ ಪಾಠ ಹೇಳಲು ಬಂದರು. ಅರಿಸ್ಟಾಟಲನನ್ನೂ ಗಿಡಗಳನ್ನೂ ಖನಿಜಗಳನ್ನೂ ಅಭ್ಯಾಸ ಮಾಡಿದವರು ಅವರು. ವಿವೇಕ ಕಂಡುಕೊಂಡ ಸತ್ಯಕ್ಕೂ ನಂಬಿಕೆಯ ಸತ್ಯಕ್ಕೂ ವಿರೋಧ ಬರಲಾರದು ಎಂದು ಮುಂದೆ ವಾದಿಸಿದ ಥಾಮಸ್ ಅಕ್ವಿನಾಸ್ ಅವರ ಶಿಷ್ಯ. ಪ್ರಶ್ನೆ ಕೇಳಿಯೂ ಒಳಗೇ ಉಳಿದವರು ಇವರು. ಕಲೋನಿಗರು ಇವರನ್ನು ಮರೆತಿದ್ದಾರೆ, ನಾವು ಇನ್ನೂ ಪರಿಚಯವನ್ನೇ ಮಾಡಿಕೊಂಡಿಲ್ಲ.

ನನ್ನನ್ನು ಕೇಳಿದರೆ, ಮೈಸೂರಿನ ನೆಲಮಾಳಿಗೆಯ ಮೆಟ್ಟಿಲ ಬಳಿ ಆ ಮೂರು ಹೆಂಚುಗಳ ಕತೆಯನ್ನು ಕನ್ನಡದಲ್ಲಿ ಬರೆದು ತೂಗುಹಾಕಬೇಕು. ನಮ್ಮತ್ತೆ ಓದಿಯೂ ಬತ್ತಿ ಹಚ್ಚುತ್ತಾರೆ. "ಇದ್ದಳೋ ಇಲ್ಲವೋ, ನಮ್ಮ ಹುಡುಗಿ ಪಾಸಾದಳಲ್ಲ" ಎನ್ನುತ್ತಾರೆ. ಪಾಸಾದದ್ದು ಹುಡುಗಿ ಓದಿದ್ದರಿಂದ ಎಂದು ನಾನು ಅಲ್ಲೇ ನಿಂತು ಜಗಳ ತೆಗೆಯುತ್ತೇನೆ.