ಪುಸ್ತಕ ಪೂಜೆಗಿದೆ, ಮುಟ್ಟಬೇಡಿ

ದಸರಾ ರಜೆ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿರುವ ಮನೆಯಲ್ಲಿ ಪಟ್ಟದ ಗೊಂಬೆಗಿಂತ ಮೊದಲು ಪ್ರತಿಷ್ಠಾಪನೆಯಾಗುವುದು ವೇಳಾಪಟ್ಟಿ. ಬೇಕಾಗುವ ಸಾಮಗ್ರಿ: ಡ್ರಾಯಿಂಗ್ ಶೀಟು ಒಂದು, ಸ್ಕೆಚ್ ಪೆನ್ನು ಹನ್ನೆರಡು ಬಣ್ಣ, ಒಂದಡಿ ಸ್ಕೇಲು, ಗೋಡೆಗೆ ಅಂಟಿಸಲು ಟೇಪು. ತಯಾರಿಗೆ ಒಂದೂವರೆ ದಿನ. ಅಷ್ಟು ಹೊತ್ತು ಯಾವ ಪುಸ್ತಕವನ್ನೂ ತೆರೆಯುವ ಹಾಗಿಲ್ಲ, ಗೆರೆ ಸೊಟ್ಟಗಾಗುತ್ತದೆ.

ಪಟ್ಟಿ ಬೆಳಗಿನ ಜಾವ ನಾಲ್ಕೂವರೆಗೇ ಶುರುವಾಗತಕ್ಕದ್ದು. ಗೊಂಬೆ ನೋಡಲು ಬಂದವರು ಗೋಡೆಯನ್ನೂ ನೋಡುತ್ತಾರಲ್ಲ, ಏಳಕ್ಕೆ ಅಂತ ಬರೆದರೆ ಮರ್ಯಾದೆ ಏನಾಗಬೇಕು? ಆರು ವಿಷಯಕ್ಕೆ ಎರಡೆರಡು ಗಂಟೆಯಂತೆ ಹನ್ನೆರಡು. ಶಾಲೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಹೋಮ್‌ವರ್ಕಿಗೆ ನಾಲ್ಕು, ಟ್ಯೂಷನ್ನಿಗೆ ಎರಡು, ಏಕಾಗ್ರತೆಗೆಂದು ಯೋಗ ಅರ್ಧ, ನಿದ್ದೆ ಏಳು. ಕೂಡಿದರೆ ಇಪ್ಪತ್ತೈದೂವರೆ ಗಂಟೆ. ಸ್ನಾನ, ಊಟ ಇನ್ನೂ ಸೇರಿಲ್ಲ. 'ನಮ್ಮ ಹುಡುಗ ಗಣಿತದಲ್ಲಿ ಸ್ವಲ್ಪ ವೀಕು' ಎಂದು ಕೊರಗುವವರು ಈ ಲೆಕ್ಕ ಹಾಕಿದವರೇ.

ಮೊದಲ ದಿನ ತಪ್ಪಿದ ಎರಡು ಗಂಟೆಯನ್ನು ಎರಡನೇ ದಿನಕ್ಕೆ ಸೇರಿಸಬೇಕು. ಅಲ್ಲಿ ಉಳಿದ ನಾಲ್ಕನ್ನು ಮೂರನೇ ದಿನಕ್ಕೆ. ಐದನೇ ದಿನದ ಹೊತ್ತಿಗೆ ಮಗು ಮೀಟರ್ ಬಡ್ಡಿಗೆ ಸಾಲ ಮಾಡಿದವನಂತೆ ಗೋಡೆಯ ಕಡೆ ತಿರುಗದೆ ಓಡಾಡುತ್ತದೆ. ಮೂರು ದಿನಕ್ಕೊಮ್ಮೆ ಒಂದು ದಿನ ಖಾಲಿ ಬಿಟ್ಟಿದ್ದರೆ ಬಾಕಿ ತೀರುತ್ತಿತ್ತು. ಆದರೆ ಖಾಲಿ ಮನೆಗೆ ಯಾವ ಬಣ್ಣ ಹಾಕುವುದು?

ಹೋಮ್‌ವರ್ಕಿನ ವಿಧಾನವೂ ಶಾಸ್ತ್ರೋಕ್ತ: ಎಲ್ಲ ಪಾಠಗಳ ಪ್ರಶ್ನೋತ್ತರ ಮೂರು ಮೂರು ಸಲ. ಗೈಡು ಎಡಕ್ಕೆ, ನೋಟ್‌ಬುಕ್ಕು ಬಲಕ್ಕೆ, ಕಣ್ಣು ಟಿವಿಗೆ. ಮೂರನೇ ಸಲಕ್ಕೆ ಕೈ ತಾನಾಗಿಯೇ ಬರೆಯುತ್ತದೆ, ತಲೆಗೆ ತೊಂದರೆ ಕೊಡುವುದಿಲ್ಲ.

ಗಣಿತದ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಗುಟ್ಟೇನೂ ಇಲ್ಲ. ಒಟ್ಟು 38 ಪ್ರಶ್ನೆ, 80 ಅಂಕ: ಬಹು ಆಯ್ಕೆ ಎಂಟು, ಒಂದಂಕದ್ದು ಎಂಟು, ಎರಡಂಕದ್ದು ಎಂಟು, ಮೂರಂಕದ್ದು ಒಂಬತ್ತು, ನಾಲ್ಕಂಕದ್ದು ನಾಲ್ಕು, ಐದಂಕದ್ದು ಒಂದು. ಮೂರಂಕದವೇ 27 ಅಂಕ ಹೊತ್ತು ಕೂತಿವೆ. ಹಳೆಯ ಪತ್ರಿಕೆ ಒಂದನ್ನು ತೆಗೆದುಕೊಂಡು, ಓದುವ ಹದಿನೈದು ನಿಮಿಷವೂ ಸೇರಿ ಮೂರೂಕಾಲು ಗಂಟೆ ಪುಸ್ತಕ ಮುಚ್ಚಿ ಬರೆದರೆ ಎಲ್ಲಿ ಸೋರುತ್ತಿದೆ ಎಂದು ಅವತ್ತೇ ಗೊತ್ತಾಗುತ್ತದೆ. ಪ್ರಮೇಯದ ಹೇಳಿಕೆ ಬರೆದು ಚಿತ್ರ ಬಿಟ್ಟದ್ದೋ, ನಕ್ಷೆಗೆ ಪ್ರಮಾಣ ಬರೆಯದೆ ಹೋದದ್ದೋ. ತಪ್ಪಿದ್ದನ್ನಷ್ಟೇ ಮರುದಿನ ಬಿಡಿಸಿ, ನಾಲ್ಕು ದಿನ ಬಿಟ್ಟು ನೋಡದೆ ಮತ್ತೆ ಬಿಡಿಸಬೇಕು. ಇದಕ್ಕೆ ಹನ್ನೆರಡು ಬಣ್ಣ ಬೇಡ, ಗೋಡೆಯೂ ಬೇಡ. ಆದ್ದರಿಂದಲೇ ಯಾರಿಗೂ ಬೇಡ.

ಇಷ್ಟರಲ್ಲಿ ಸರಸ್ವತಿ ಪೂಜೆ. ಪುಸ್ತಕಗಳನ್ನೆಲ್ಲ ಜೋಡಿಸಿ ಅರಿಶಿನ ಕುಂಕುಮ ಇಟ್ಟರೆ ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ರಾಶಿಯ ತಳದಲ್ಲಿ ಗಣಿತವನ್ನೇ ಇಡುವ ಭಕ್ತಿ ಮಕ್ಕಳಿಗೆ ಹೇಳಿಕೊಡದೆ ಬರುತ್ತದೆ. 'ಓದೋ' ಎಂದು ಎರಡು ವಾರ ಗದರಿದ ಅಮ್ಮನೇ ಅವತ್ತು 'ಮುಟ್ಟಬೇಡ್ವೋ' ಎನ್ನುತ್ತಾಳೆ. ರಜೆಯಲ್ಲಿ ಚಾಚೂ ತಪ್ಪದೆ ಪಾಲನೆಯಾಗುವ ಆದೇಶ ಇದೊಂದೇ.

ಸರ್ಕಾರದ ಯೋಜನೆ ಇದಕ್ಕಿಂತ ಭವ್ಯ. 2025ರಲ್ಲಿ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, ಹದಿನೆಂಟು ದಿನ. ಮೇಷ್ಟ್ರುಗಳನ್ನು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಕಳಿಸಲಾಯಿತು. ರಜೆಯಲ್ಲಿ ಪ್ರಶ್ನೆಪತ್ರಿಕೆ ಬಿಡಿಸಬೇಕಾದದ್ದು ಮಕ್ಕಳು, 60 ಪ್ರಶ್ನೆ ಹಿಡಿದು ಮನೆಮನೆ ಸುತ್ತಿದ್ದು ಮೇಷ್ಟ್ರು. ಸಮೀಕ್ಷೆ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತು. 19 ಭಾನುವಾರ, 20 ನರಕ ಚತುರ್ದಶಿ. ತಪ್ಪಿದ ಪಾಠವನ್ನು ವಿಶೇಷ ತರಗತಿಯಲ್ಲಿ ಸರಿದೂಗಿಸುವ ಮಾತೂ ಬಂತು. ಗೋಡೆಯ ಪಟ್ಟಿಯ ಸೂತ್ರವೇ ಇದು: ಇವತ್ತಿನದನ್ನು ನಾಳೆಗೆ ಸೇರಿಸುವುದು. ನಾಳೆ ಮಾತ್ರ ಅದೇ ಇಪ್ಪತ್ನಾಲ್ಕು ಗಂಟೆಯದ್ದು.

ಶಾಲೆ ತೆರೆದ ದಿನ ನೋಟ್‌ಬುಕ್ಕುಗಳ ರಾಶಿಗೆ ಕೆಂಪು ಮಸಿಯಲ್ಲಿ 'ನೋಡಿದೆ' ಬೀಳುತ್ತದೆ. ಡ್ರಾಯಿಂಗ್ ಶೀಟನ್ನು ಹರಿಯದಂತೆ ಬಿಡಿಸಿಟ್ಟುಕೊಳ್ಳಿ. ಹಿಂಬದಿ ಖಾಲಿಯಿದೆ, ಪೂರ್ವಸಿದ್ಧತಾ ಪರೀಕ್ಷೆಗೆ ಆಗುತ್ತದೆ. ಟೇಪು ಮಾತ್ರ ಹೊಸದು ತರಬೇಕು.